ಥ್ರೆಡ್ ಸ್ವಿಚ್‌ಗೆ ಎಷ್ಟು ಟೈಮ್ ಹಿಡಿಯುತ್ತೆ? ನೀವೇ ಅಳೆದು ನೋಡಿ

ಕೋಲಾರದ ಕಡೆ ಓಎಸ್ (ಆಪರೇಟಿಂಗ್ ಸಿಸ್ಟಮ್) ಲ್ಯಾಬ್ ಮಾಡೋ ಹುಡುಗ್ರು ಥ್ರೆಡ್ (ಪ್ರೋಗ್ರಾಮಿನೊಳಗೆ ಓಡೋ ಒಂದು ಕೆಲಸದ ಎಳೆ) ತಾನಾಗೇ ಸರದಿ ಬಿಟ್ಟುಕೊಡೋ ಯೀಲ್ಡ್ ಅಂದ್ರೇನು ಅಂತ ವೈವಾಲಿ ಪಟಪಟ ಹೇಳ್ತಾರೆ, ಒಂದು ಸ್ವಿಚ್‌ಗೆ, ಅಂದ್ರೆ ಪ್ರೊಸೆಸರ್ ಒಂದು ಥ್ರೆಡ್ ಬಿಟ್ಟು ಇನ್ನೊಂದನ್ನ ಹಿಡಿಯೋಕೆ, ಎಷ್ಟು ಟೈಮ್ ಹೋಗುತ್ತೆ ಅಂದ್ರೆ ಮಾತ್ರ ಸುಮ್ನಾಗ್ತಾರೆ. ಅಳೆಯೋಕೆ ಲಿನಕ್ಸ್ ಇರೋ ಲ್ಯಾಪ್‌ಟಾಪು, ಸ್ವಲ್ಪ ಸಿ ಪ್ರೋಗ್ರಾಮಿಂಗ್ ಇದ್ರೆ ಸಾಕು.

ಬೀದಿ ನಲ್ಲೀಲಿ ಒಂದು ಕೊಡ ತುಂಬಿಸ್ಕೊಂಡು, ಇನ್ನೊಂದು ಖಾಲಿ ಕೊಡ ಹಿಡ್ಕೊಂಡು ಮತ್ತೆ ಸಾಲಿನ ಕೊನೇಲಿ ನಿಲ್ತೀವಲ್ಲ, ಯೀಲ್ಡ್‌ಗೆ ಇರೋ ಸ್ಕೆಡ್ ಯೀಲ್ಡ್ (sched_yield) ಅನ್ನೋ ಕರೆ ಮಾಡೋದೂ ಹೆಚ್ಚುಕಮ್ಮಿ ಅದೇ. ಥ್ರೆಡ್ ಮಲಗಲ್ಲ, ರೆಡಿಯಾಗೇ ಇರುತ್ತೆ, ಸರದಿ ಮಾತ್ರ ಬಿಟ್ಟುಕೊಡುತ್ತೆ. ಸಾಲಲ್ಲಿ ಬೇರೆ ಯಾರೂ ಇಲ್ಲ ಅಂದ್ರೆ ಪ್ರೊಸೆಸರ್ ತಿರುಗಿ ಅದಕ್ಕೇ ಸಿಗುತ್ತೆ.

ಅದಕ್ಕೇ ಸ್ವಿಚ್ ಅಳೆಯೋಕೆ ಎರಡು ಥ್ರೆಡ್ ಬೇಕು. ಮೊದಲು ಎರಡನ್ನೂ ಪ್ರೊಸೆಸರಿನ ಒಂದೇ ಕೋರ್‌ಗೆ ಕಟ್ಟಿಹಾಕಿ, ಟಾಸ್ಕ್‌ಸೆಟ್ (taskset) ಕಮಾಂಡಲ್ಲಿ ಕೋರ್ 0 ಕೊಟ್ರೆ ಆಯ್ತು. ಇಲ್ಲಾಂದ್ರೆ ಒಂದೊಂದು ಥ್ರೆಡ್ ಒಂದೊಂದು ಕೋರಲ್ಲಿ ಕೂತು, ಸ್ವಿಚ್ಚೇ ಆಗದೆ ಬರೀ ಸಿಸ್ಟಮ್ ಕಾಲ್ (ಓಎಸ್‌ನ ತಿರುಳಾದ ಕರ್ನಲ್‌ನ ಕರೆಯೋದು) ಟೈಮ್ ಬರುತ್ತೆ, ನಾವು ಅದನ್ನೇ ಸ್ವಿಚ್ ಅನ್ಕೊಂಡು ರೆಕಾರ್ಡಲ್ಲಿ ಬರೆದುಬಿಡ್ತೀವಿ.

ಆಮೇಲೆ ಒಂದೇ ಥ್ರೆಡ್ಡಿಂದ 10 ಲಕ್ಷ ಸಲ ಯೀಲ್ಡ್ ಕರೆದು ಟೈಮ್ ನೋಡಿ, ಗಡಿಯಾರಕ್ಕೆ ಯಾವತ್ತೂ ಹಿಂದೆ ಹೋಗದ ಕ್ಲಾಕ್ ಮೊನೊಟೊನಿಕ್ (CLOCK_MONOTONIC) ಬಳಸಿ. ಇದು ಬರೀ ಕರೆಯೋ ಖರ್ಚು. ಈಗ ಎರಡು ಥ್ರೆಡ್, ತಲಾ 10 ಲಕ್ಷ. ಒಟ್ಟು 20 ಲಕ್ಷ ಕರೆ ಆಯ್ತಲ್ಲ, ಅದಕ್ಕೇ ಈ ಟೈಮಲ್ಲಿ ಮೊದಲ ಟೈಮಿನ ಎರಡರಷ್ಟು ಕಳೀರಿ.

ಉಳಿದಿದ್ದನ್ನ 20 ಲಕ್ಷದಿಂದ ಭಾಗಿಸಬೇಡಿ! ಮಾಮೂಲಿ ಶೆಡ್ಯೂಲರಲ್ಲಿ (ಯಾವ ಥ್ರೆಡ್ ಯಾವಾಗ ಓಡಬೇಕು ಅಂತ ನಿರ್ಧರಿಸೋ ಕರ್ನಲ್ ಭಾಗ) ಪ್ರತಿ ಯೀಲ್ಡಿಗೂ ಸ್ವಿಚ್ ಆಗೇ ಆಗುತ್ತೆ ಅಂತ ಗ್ಯಾರಂಟಿ ಇಲ್ಲ, ಎಷ್ಟು ಆಯ್ತು ಅನ್ನೋದನ್ನ ಕರ್ನಲ್‌ನೇ ಕೇಳಬೇಕು. ಗೆಟ್ ಆರ್‌ಯೂಸೇಜ್ (getrusage) ಕರೆದ್ರೆ ವಾಲಂಟರಿ (ತಾನಾಗೇ ಬಿಟ್ಟಿದ್ದು), ಇನ್‌ವಾಲಂಟರಿ (ಬಲವಂತದ್ದು) ಅಂತ ಸ್ವಿಚ್‌ಗಳ ಎರಡು ಲೆಕ್ಕ ಸಿಗುತ್ತೆ. ಯೀಲ್ಡ್ ನಾವಾಗೇ ಕೊಟ್ಟಿದ್ದಲ್ವಾ, ವಾಲಂಟರೀಲಿ ಇರಬೇಕು ಅನ್ಸುತ್ತೆ, ಆದ್ರೆ ಲಿನಕ್ಸ್ ಅದನ್ನ ಇನ್‌ವಾಲಂಟರಿಗೆ ಸೇರಿಸುತ್ತೆ, ಯಾಕಂದ್ರೆ ಥ್ರೆಡ್ ಯಾವುದಕ್ಕೋ ಕಾಯ್ತಾ ಬ್ಲಾಕ್ ಆಗಿಲ್ಲ, ಇನ್ನೂ ರನ್ನಿಂಗ್ ಸ್ಥಿತೀಲೇ ಇದೆ. ಎರಡೂ ಲೆಕ್ಕ ಕೂಡಿಸಿ, ಉಳಿದ ಟೈಮನ್ನ ಅದರಿಂದ ಭಾಗಿಸಿ, ಅದೇ ನಿಮ್ಮ ಸ್ವಿಚ್ ಟೈಮು. ಮೆಷಿನ್ನಿಂದ ಮೆಷಿನ್‌ಗೆ ಬದಲಾಗುತ್ತೆ, ಹಾಗಾಗಿ ಬ್ರೌಸರ್ ಎಲ್ಲಾ ಮುಚ್ಚಿ ನಾಲ್ಕೈದು ಸಲ ಓಡಿಸಿ.

ಇನ್ನೊಂದು ಮಾತು, ಡೇಟಾ ಬರೋವರೆಗೂ ಕಾಯೋಕೆ ಅಂತ ಲೂಪಲ್ಲಿ ಯೀಲ್ಡ್ ಹಾಕೋ ಅಭ್ಯಾಸ ದಯವಿಟ್ಟು ಬಿಡಿ. ಬೇರೆ ಕೆಲಸ ಇಲ್ಲದಿದ್ರೂ ಆ ಕೋರ್ 100 ಪರ್ಸೆಂಟ್ ಓಡ್ತಾನೇ ಇರುತ್ತೆ, ಬೇಕಿದ್ರೆ ಟಾಪ್ (top) ಕಮಾಂಡ್ ಹಾಕಿ ನೋಡಿ. ಕಾಯೋದಿದ್ರೆ ಮ್ಯೂಟೆಕ್ಸ್ (ಒಂದು ಥರದ ಬೀಗ) ಜೊತೆ, ಸಿಗ್ನಲ್ ಬರೋವರೆಗೂ ಥ್ರೆಡ್‌ನ ಮಲಗಿಸೋ ಕಂಡಿಷನ್ ವೇರಿಯಬಲ್ ಬಳಸಿ.