ಮೋಸದ ಸಂಶಯದ ಮೇಲೆ ಮಾಜಿ ಸೈನಿಕರ ಪಿಂಚಣಿ ನಿಂತರೆ ಏನು ಮಾಡಬೇಕು

ಪಿಂಚಣಿ ಖಾತೆಗೆ ಜಮಾ ಆಗದಿದ್ದರೆ ಗಾಬರಿಯಾಗುವ ಮೊದಲು ಸ್ಪರ್ಶ್ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಖಾತೆಯನ್ನು ತೆರೆದು ಕಾರಣವನ್ನು ನೋಡಿರಿ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರ ತಪ್ಪಿದರೂ ಹಣ ನಿಲ್ಲುತ್ತದೆ. ಅದು ಆರೋಪವಲ್ಲ, ಪ್ರಮಾಣಪತ್ರ ಸಲ್ಲಿಸಿದರೆ ಸರಿಹೋಗುತ್ತದೆ. ಆದರೆ ಕಚೇರಿಯಿಂದ ಬಂದ ಪತ್ರದಲ್ಲಿ ಸುಳ್ಳು ದಾಖಲೆ, ತಪ್ಪು ಮಾಹಿತಿ ಅಥವಾ ವಸೂಲಿ ಎಂಬ ಮಾತಿದ್ದರೆ ಅದನ್ನು ಆರೋಪವೆಂದೇ ತಿಳಿದು ಮುಂದುವರಿಯಬೇಕು.

ಮೊದಲ ಕೆಲಸವೆಂದರೆ ಆರೋಪವನ್ನು ಲಿಖಿತವಾಗಿ ಪಡೆಯುವುದು. ಯಾವ ದಾಖಲೆಯ ಮೇಲೆ ಸಂಶಯ, ಯಾವ ನಿಯಮದಡಿ ತಡೆ, ಎಷ್ಟು ಹಣದ ಬಾಕಿ ಎಂದು ಕೇಳಿ ಪ್ರಯಾಗರಾಜದ ಪಿಂಚಣಿ ಲೆಕ್ಕಪತ್ರ ಕಚೇರಿಗೂ ನಿಮ್ಮ ಸೇವಾ ದಾಖಲೆಗಳನ್ನು ಇಟ್ಟಿರುವ ರೆಕಾರ್ಡ್ಸ್ ಕಚೇರಿಗೂ ಸ್ಪೀಡ್ ಪೋಸ್ಟಿನಲ್ಲಿ ಅರ್ಜಿ ಕಳಿಸಿರಿ. ಮರಾಠಾ ಲಘು ಪದಾತಿ ದಳದಲ್ಲಿದ್ದವರಿಗೆ ರೆಕಾರ್ಡ್ಸ್ ಕಚೇರಿ ಬೆಳಗಾವಿಯಲ್ಲೇ ಇರುವುದರಿಂದ ಖುದ್ದಾಗಿ ಹೋಗಿ ಬರುವುದು ಉತ್ತಮ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕಡತದ ಪ್ರತಿ ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡುವುದು ಅವರ ಹೊಣೆ.

ನಮ್ಮ ಧಾರವಾಡ ಭಾಗದಲ್ಲಿ ಸಂಶಯ ಹುಟ್ಟಲು ಹೆಸರಿನ ವ್ಯತ್ಯಾಸವೊಂದೇ ಸಾಕಾಗುತ್ತದೆ. ಮದುವೆಯಾದಾಗ ಪಾರ್ಟ್ ಟೂ ಆರ್ಡರಿನಲ್ಲಿ (ಸೈನಿಕನ ಕುಟುಂಬದ ವಿವರ ದಾಖಲಿಸುವ ಸೇನಾ ಆದೇಶ) ಹೆಂಡತಿಯ ಹೆಸರು ಯಲ್ಲವ್ವ ಎಂದಿರುತ್ತದೆ, ಆಧಾರಿನಲ್ಲಿ ಯಲ್ಲಮ್ಮ ಎಂದಾಗಿರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತವರುಮನೆಯ ಅಡ್ಡಹೆಸರು ಉಳಿದಿರುತ್ತದೆ. ಕಡತ ನೋಡುವವರಿಗೆ ಇವರು ಇಬ್ಬರು ಹೆಂಗಸರೆಂದೇ ಕಾಣಬಹುದು. ಹುಟ್ಟಿದ ದಿನಾಂಕದಲ್ಲಿಯೂ ಹೀಗೇ ಆಗುತ್ತದೆ. ಇಂಥ ಸಂದರ್ಭದಲ್ಲಿ ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯ ಪುಸ್ತಕ), ಪಿಪಿಒ (ಪಿಂಚಣಿ ಪಾವತಿ ಆದೇಶ), ಶಾಲೆಯ ದಾಖಲಾತಿ, ಪಡಿತರ ಚೀಟಿಗಳ ಪ್ರತಿಗಳೊಂದಿಗೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಜೋಡಿಸಿರಿ. ಮೂಲ ದಾಖಲೆಗಳನ್ನು ಯಾರಿಗೂ ಬಿಟ್ಟುಕೊಡಬೇಡಿರಿ, ಕೆಲಸ ಮಾಡಿಸಿಕೊಡುತ್ತೇನೆ ಎಂದು ಬರುವ ಏಜೆಂಟರಿಗೆ ಒಟಿಪಿ ಹೇಳಲೇಬೇಡಿರಿ.

ಅಂಗವೈಕಲ್ಯ ಪಿಂಚಣಿಯ ಮೇಲೆಯೇ ಸಂಶಯ ಬಂದಿದ್ದರೆ ವೈದ್ಯಕೀಯ ಮಂಡಳಿಯ ನಡಾವಳಿಯ ಪ್ರತಿಯನ್ನು ಕಡ್ಡಾಯವಾಗಿ ತೆಗೆದುಕೊಳ್ಳಿರಿ. ಸೇರುವಾಗ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಹಾಗಲ್ಲವೆಂದು ಸಾಧಿಸುವ ಭಾರ ಇಲಾಖೆಯದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ವಿಚಾರಣೆಗೆ ಕರೆದರೆ ಹೋಗಲೇಬೇಕು, ಆದರೆ ಓದದೆ ಸಹಿ ಮಾಡಬಾರದು. "ಹೆಚ್ಚಿಗೆ ಬಂದ ಹಣ ಮರಳಿಸುತ್ತೇನೆ" ಎಂಬ ಒಂದು ಸಾಲಿನ ಮುಚ್ಚಳಿಕೆಯೂ ಮುಂದೆ ದೊಡ್ಡ ತೊಡಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಎಚ್ಚರ ಬೇಕಾದ ಘಳಿಗೆ ಇದೇ. ಏಕೆಂದರೆ ಕಚೇರಿಯ ತಪ್ಪಿನಿಂದ ಹೆಚ್ಚು ಪಾವತಿಯಾಗಿದ್ದರೆ ನಿವೃತ್ತರಿಂದ ವಸೂಲಿ ಮಾಡಬಾರದೆಂದು ಸುಪ್ರೀಂ ಕೋರ್ಟಿನ 2014ರ ರಫೀಕ್ ಮಸೀಹ್ ತೀರ್ಪು ರಕ್ಷಣೆ ಕೊಡುತ್ತದೆ, ಪಿಂಚಣಿದಾರರೇ ಮೋಸ ಮಾಡಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಹೀಗಾಗಿ ಉತ್ತರದಲ್ಲಿ ತಪ್ಪು ಯಾರ ಕೈಯಿಂದ ಆಯಿತು, ನೀವು ಯಾವ ದಿನ ಯಾವ ಮಾಹಿತಿ ಕೊಟ್ಟಿದ್ದಿರಿ ಎಂಬುದನ್ನು ದಾಖಲೆ ಸಹಿತ ತೋರಿಸಬೇಕು. ಮಗನ ನೌಕರಿಯನ್ನೋ ಇನ್ನೊಂದು ಪಿಂಚಣಿಯನ್ನೋ ನಿಜವಾಗಿಯೂ ತಿಳಿಸಿರದಿದ್ದರೆ ಮುಚ್ಚಿಡದೆ ವಕೀಲರಿಗೆ ಹೇಳಿ, ಕಂತಿನಲ್ಲಿ ಮರುಪಾವತಿ ಕೇಳುವುದು ಒಳ್ಳೆಯದು.

ಧಾರವಾಡದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಪತ್ರ ಬರೆಯಲು ನೆರವು ಕೇಳಿರಿ. ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುವುದರಿಂದ ಸೈನಿಕರ ವಿಧವೆಯರು ಇದನ್ನು ಖಂಡಿತ ಬಳಸಿಕೊಳ್ಳಬೇಕು.

ಅಂತಿಮ ಆದೇಶ ವಿರುದ್ಧವಾಗಿ ಬಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಆದೇಶದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು. ಮನವಿಗೆ ಆರು ತಿಂಗಳಾದರೂ ಉತ್ತರವಿಲ್ಲದಿದ್ದರೆ ಅದರ ಮುಂದಿನ ಆರು ತಿಂಗಳು ಅವಕಾಶವಿದೆ. ಪ್ರಕರಣ ಮುಗಿಯುವವರೆಗೆ ವಸೂಲಿಗೆ ಮಧ್ಯಂತರ ತಡೆ ನೀಡಬೇಕೆಂಬ ಕೋರಿಕೆಯನ್ನು ಅದೇ ಅರ್ಜಿಯಲ್ಲಿ ಸೇರಿಸಿರಿ, ಮತ್ತು ಬಂದ ಪ್ರತಿ ಪತ್ರದ ಲಕೋಟೆಯನ್ನೂ ಅಂಚೆ ಮುದ್ರೆಯ ಸಮೇತ ಇಟ್ಟುಕೊಳ್ಳಿರಿ, ಅವಧಿಯ ಲೆಕ್ಕಕ್ಕೆ ಅದೇ ಸಾಕ್ಷಿ.