ಎಕ್ಸ್‌ರೇ ದತ್ತಾಂಶಕ್ಕೆ ನಿಮ್ಮದೇ ಕಂಪ್ಯೂಟರಿನಲ್ಲಿ ಕ್ಯಾಲ್‌ಡಿಬಿ: ಹಾಕುವುದು, ಪರೀಕ್ಷಿಸುವುದು, ಹೊಸದಾಗಿಡುವುದು

ಎಕ್ಸ್‌ರೇ ದೂರದರ್ಶಕದ ಡಿಟೆಕ್ಟರ್ ನಮಗೆ ಕೊಡುವುದು ಫೋಟಾನಿನ ಶಕ್ತಿಯನ್ನಲ್ಲ, ಬರೀ ಒಂದು ಚಾನೆಲ್ ಸಂಖ್ಯೆಯನ್ನು. ಆ ಸಂಖ್ಯೆ ಎಷ್ಟು ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಸಮ, ನೋಟದ ವಲಯದ ಅಂಚಿನಲ್ಲಿ ಎಷ್ಟು ಬೆಳಕು ನಷ್ಟವಾಗುತ್ತದೆ, ಯಾವ ಪಿಕ್ಸೆಲ್ ಕೆಟ್ಟಿದೆ, ಉಪಗ್ರಹದ ಗಡಿಯಾರ ಎಷ್ಟು ತಪ್ಪುತ್ತಿದೆ ಎಂಬುದನ್ನೆಲ್ಲ ಕ್ಯಾಲಿಬ್ರೇಶನ್ ಫೈಲುಗಳು ಹೇಳಬೇಕು. ಡಿಟೆಕ್ಟರಿಗೆ ವಯಸ್ಸಾದಂತೆ ಉತ್ತರವೂ ಬದಲಾಗುತ್ತದೆ. ಹಾಗಾಗಿ ಒಂದೇ ಉಪಕರಣಕ್ಕೆ ಒಂದೇ ಬಗೆಯ ಹತ್ತಾರು ಫೈಲುಗಳಿರುತ್ತವೆ, ಪ್ರತಿಯೊಂದೂ ತನ್ನ ಕಾಲಾವಧಿಗೆ ಮಾತ್ರ ಸರಿ. ಇವನ್ನೆಲ್ಲ ಒಂದು ಕಟ್ಟುನಿಟ್ಟಾದ ವ್ಯವಸ್ಥೆಯಲ್ಲಿಟ್ಟು, ಎಕ್ಸ್‌ರೇ, ಗಾಮಾ ಕಿರಣಗಳ ಖಗೋಳ ದತ್ತಾಂಶವನ್ನು ಕಾಯ್ದಿಡುವ ನಾಸಾದ ಹೀಸಾರ್ಕ್ ಕೇಂದ್ರ, ಕ್ಯಾಲ್‌ಡಿಬಿ (ಕ್ಯಾಲಿಬ್ರೇಶನ್ ಡೇಟಾಬೇಸ್) ಎಂಬ ಹೆಸರಿನಲ್ಲಿ ಹಂಚುತ್ತದೆ. ಈ ದತ್ತಾಂಶವನ್ನು ವಿಶ್ಲೇಷಿಸುವ ತಂತ್ರಾಂಶವಾದ ಹೀಸಾಫ್ಟ್‌ನ ಪ್ರೋಗ್ರಾಮುಗಳು ಓದುವುದು ಇದನ್ನೇ.

ಡೌನ್‌ಲೋಡ್ ಮಾಡದೆಯೂ ಕೆಲಸ ನಡೆಯುತ್ತದೆ. ಕ್ಯಾಲ್‌ಡಿಬಿ ಎಂಬ ಎನ್ವಿರಾನ್ಮೆಂಟ್ ವೇರಿಯೇಬಲ್‌ಗೆ ಹೀಸಾರ್ಕ್‌ನ ವೆಬ್ ವಿಳಾಸವನ್ನೇ ಕೊಟ್ಟರೆ, ಬೇಕಾದ ಫೈಲನ್ನು ಪ್ರೋಗ್ರಾಮು ಆಗಿಂದಾಗ್ಗೆ ನೆಟ್‌ನಿಂದ ತರಿಸಿಕೊಳ್ಳುತ್ತದೆ. ಒಂದೆರಡು ಅಬ್ಸರ್ವೇಶನ್ (ದೂರದರ್ಶಕದ ವೀಕ್ಷಣೆ) ನೋಡುವವರಿಗೆ ಅಷ್ಟು ಸಾಕು. ನೂರಾರು ಅಬ್ಸರ್ವೇಶನ್‌ಗಳನ್ನು ಸಾಲಾಗಿ ಓಡಿಸುವವರು, ನೆಟ್ ಇಲ್ಲದ ಕ್ಲಸ್ಟರ್ ನೋಡಿನಲ್ಲಿ ಕೆಲಸ ಮಾಡುವವರು, ಆರು ತಿಂಗಳ ಬಳಿಕ ಅದೇ ಸಂಖ್ಯೆ ಮತ್ತೆ ಬರಬೇಕು ಎನ್ನುವವರು ಸ್ಥಳೀಯ ಪ್ರತಿ ಇಟ್ಟುಕೊಳ್ಳಲೇಬೇಕು. ಸರ್ವರಿನಲ್ಲಿರುವ ಪ್ರತಿ ಯಾವಾಗ ಬೇಕಾದರೂ ಹೊಸದಾಗುತ್ತದೆ. ನಿಮ್ಮ ವಿಶ್ಲೇಷಣೆ ಅರ್ಧದಲ್ಲಿದೆ ಎಂದು ಅದು ಕಾಯುವುದಿಲ್ಲ.

ಕೆಳಗಿನ ವಿವರಕ್ಕೆ ಸ್ವಿಫ್ಟ್ ಉಪಗ್ರಹದ ಎಕ್ಸ್‌ಆರ್‌ಟಿ ಎಂಬ ಎಕ್ಸ್‌ರೇ ದೂರದರ್ಶಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಉಳಿದ ಹೆಚ್ಚಿನ ಮಿಶನ್‌ಗಳಿಗೂ ಹಾದಿ ಇದೇ. ಹೀಸಾಫ್ಟ್ ಮೊದಲೇ ಇನ್‌ಸ್ಟಾಲ್ ಆಗಿರಬೇಕು.

ಜಾಗ ಮತ್ತು ಸೆಟಪ್ ಫೈಲುಗಳು

ಮೊದಲು ಮೂಲ ಡೈರೆಕ್ಟರಿ ಎಲ್ಲಿ ಎಂದು ನಿರ್ಧರಿಸಿ. ಹೆಸರು ಚಿಕ್ಕದಾಗಿರಲಿ, ಅದರಲ್ಲಿ ಖಾಲಿ ಜಾಗ ಬೇಡ. ಹೀಸಾಫ್ಟ್‌ನಲ್ಲಿ ಫೋರ್ಟ್ರಾನಿನಲ್ಲಿ ಬರೆದ ಹಳೆಯ ಪ್ರೋಗ್ರಾಮುಗಳು ಇನ್ನೂ ಇವೆ. ಉದ್ದದ ಪಾಥ್ ಕೊಟ್ಟರೆ ಕೆಲವು ಅದನ್ನು ನಡುವೆಯೇ ಕತ್ತರಿಸಿ, ಫೈಲ್ ಸಿಗಲಿಲ್ಲ ಎನ್ನುತ್ತವೆ. ಎಕ್ಸ್‌ಫ್ಯಾಟ್ ಮಾದರಿಯ ಹೊರ ಡಿಸ್ಕೂ ಬೇಡ. ಅದರಲ್ಲಿ ಸಿಂಬಾಲಿಕ್ ಲಿಂಕ್ ನಿಲ್ಲುವುದಿಲ್ಲ, ಕ್ಯಾಲ್‌ಡಿಬಿಗೆ ಲಿಂಕ್ ಬೇಕು. ಟಾರ್ ಫೈಲು (ಹಲವು ಫೈಲುಗಳ ಕಟ್ಟು) ಮತ್ತು ಅದನ್ನು ಬಿಡಿಸಿದ ಫೈಲುಗಳು ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ಇರುವುದರಿಂದ, ಟಾರ್‌ನ ಗಾತ್ರ ನೋಡಿ ಅದರ ಎರಡು ಪಟ್ಟಿಗಿಂತ ಹೆಚ್ಚು ಜಾಗ ಬಿಡಿ.

ಹೀಸಾರ್ಕ್‌ನ ಕ್ಯಾಲ್‌ಡಿಬಿ ಪುಟದಿಂದ ಸೆಟಪ್ ಫೈಲುಗಳ ಟಾರ್ ಅನ್ನು ಇಳಿಸಿಕೊಂಡು ಮೂಲ ಡೈರೆಕ್ಟರಿಯಲ್ಲೇ ಬಿಡಿಸಿ. ಸಾಫ್ಟ್‌ವೇರ್ ಎಂಬ ಡೈರೆಕ್ಟರಿ, ಅದರೊಳಗೆ ಟೂಲ್ಸ್ ಹುಟ್ಟಿಕೊಳ್ಳುತ್ತವೆ. ಅಲ್ಲಿರುವ ಮುಖ್ಯ ಫೈಲುಗಳು ಮೂರು ಬಗೆ. ಕ್ಯಾಲ್‌ಡಿಬಿ ಡಾಟ್ ಕಾನ್ಫಿಗ್ ಒಂದು ಸಾದಾ ಪಠ್ಯ ಫೈಲ್: ಪ್ರತಿ ಉಪಕರಣಕ್ಕೆ ಒಂದು ಸಾಲು, ಸಾಲಿಗೆ ಏಳು ಕಾಲಂ. ಮಿಶನ್, ಉಪಕರಣ, ಇಂಡೆಕ್ಸ್ ಯಾವ ವೇರಿಯೇಬಲ್‌ನ ಕೆಳಗಿದೆ, ಯಾವ ಡೈರೆಕ್ಟರಿ, ಇಂಡೆಕ್ಸ್ ಫೈಲಿನ ಹೆಸರು, ಬಳಿಕ ದತ್ತಾಂಶಕ್ಕೆ ಮತ್ತೆ ವೇರಿಯೇಬಲ್ ಮತ್ತು ಡೈರೆಕ್ಟರಿ. ಎರಡನೆಯದು ಅಲಿಯಾಸ್ ಕಾನ್ಫಿಗ್ ಎಂಬ ಫಿಟ್ಸ್ ಫೈಲ್ (ಖಗೋಳ ದತ್ತಾಂಶದ ಸಾಮಾನ್ಯ ಮಾದರಿ). ಒಂದೇ ಉಪಕರಣಕ್ಕಿರುವ ಬೇರೆ ಬೇರೆ ಹೆಸರುಗಳನ್ನು ಇದು ಹೊಂದಿಸುತ್ತದೆ. ಮೂರನೆಯದು ಕ್ಯಾಲ್‌ಡಿಬಿಇನಿಟ್ ಎಂಬ ಶೆಲ್ ಸ್ಕ್ರಿಪ್ಟ್. ಬ್ಯಾಶ್ ಬಳಸುವವರಿಗೆ ಎಸ್‌ಎಚ್ ಕೊನೆಯಿರುವುದು, ಸಿ-ಶೆಲ್‌ನವರಿಗೆ ಸಿಎಸ್‌ಎಚ್ ಕೊನೆಯಿರುವುದು.

ಈ ಸ್ಕ್ರಿಪ್ಟನ್ನು ತೆರೆದು, ಕ್ಯಾಲ್‌ಡಿಬಿ ವೇರಿಯೇಬಲ್‌ಗೆ ಬೆಲೆ ಕೊಡುವ ಸಾಲಿನಲ್ಲಿ ನಿಮ್ಮ ಮೂಲ ಡೈರೆಕ್ಟರಿಯ ಪೂರ್ತಿ ಪಾಥ್ ಬರೆಯಿರಿ. ಮನೆ ಡೈರೆಕ್ಟರಿಯನ್ನು ಸೂಚಿಸುವ ಟಿಲ್ಡ ಚಿಹ್ನೆಯನ್ನು ಹಾಕಬೇಡಿ. ಉದ್ಧರಣ ಚಿಹ್ನೆಯೊಳಗೆ ಶೆಲ್ ಅದನ್ನು ಬಿಡಿಸುವುದಿಲ್ಲ. ಉಳಿದೆರಡು ವೇರಿಯೇಬಲ್‌ಗಳಾದ ಕ್ಯಾಲ್‌ಡಿಬಿಕಾನ್ಫಿಗ್ ಮತ್ತು ಕ್ಯಾಲ್‌ಡಿಬಿಅಲಿಯಾಸ್, ಮೊದಲನೆಯದನ್ನು ಆಧರಿಸಿ ತಾವೇ ಸರಿಹೋಗುತ್ತವೆ. ಮೂರೂ ಹೆಸರುಗಳು ಇಡಿಯಾಗಿ ಕ್ಯಾಪಿಟಲ್ ಅಕ್ಷರದಲ್ಲೇ ಇರಬೇಕು. ಸ್ಕ್ರಿಪ್ಟನ್ನು ಸೋರ್ಸ್ ಮಾಡಬೇಕೇ ಹೊರತು ನೇರ ಓಡಿಸುವುದಲ್ಲ. ಓಡಿಸಿದರೆ ವೇರಿಯೇಬಲ್‌ಗಳು ಆ ಮರಿ ಶೆಲ್‌ನೊಂದಿಗೇ ಹೋಗಿಬಿಡುತ್ತವೆ.

ಕ್ಯಾಲಿಬ್ರೇಶನ್ ಫೈಲುಗಳನ್ನು ತರುವುದು

ಪ್ರತಿ ಉಪಕರಣಕ್ಕೆ ಗುಡ್‌ಫೈಲ್ಸ್ ಎಂದು ಶುರುವಾಗುವ ಒಂದು ಟಾರ್ ಇರುತ್ತದೆ. ಸದ್ಯದ ಇಂಡೆಕ್ಸಿನಲ್ಲಿ ಒಳ್ಳೆಯದೆಂದು ಗುರುತಾದ ಫೈಲುಗಳು ಮಾತ್ರ ಅದರಲ್ಲಿರುತ್ತವೆ. ಎಕ್ಸ್‌ಆರ್‌ಟಿ ಜೊತೆಗೆ ಸ್ವಿಫ್ಟ್‌ನ ಮಿಸ್ ಡೈರೆಕ್ಟರಿಯ ಫೈಲುಗಳೂ ಬೇಕು. ಇದನ್ನು ಮರೆಯುವವರೇ ಜಾಸ್ತಿ. ಉಪಗ್ರಹದ ಗಡಿಯಾರ ತಿದ್ದುವ ಫೈಲು ಇರುವುದು ಅಲ್ಲಿ. ಅದರ ಹೆಸರಿನಲ್ಲಿ 20041120 ಎಂದಿರುತ್ತದೆ, ಸ್ವಿಫ್ಟ್ ಉಡಾವಣೆಯಾದ 2004ರ ನವೆಂಬರ್ 20. ಆ ದಿನಾಂಕ ನೋಡಿ ಹಳೆಯ ಫೈಲೆಂದು ಎಸೆಯಬೇಡಿ: ಅದು ಫೈಲಿನ ಮಾನ್ಯತೆ ಶುರುವಾಗುವ ದಿನ. ಫೈಲ್ ಎಷ್ಟು ಹೊಸದು ಎಂಬುದು ಹೆಸರಿನ ಕೊನೆಯ ವಿ ಅಕ್ಷರದ ನಂತರದ ಆವೃತ್ತಿ ಸಂಖ್ಯೆಯಲ್ಲಿದೆ.

ಇಳಿಸಿದ ಕೂಡಲೇ ಬಿಡಿಸಬೇಡಿ. ಮೊದಲು ಜಿಜಿಪ್‌ನ ಟೆಸ್ಟ್ ಆಯ್ಕೆಯಿಂದ ಫೈಲ್ ಪೂರ್ತಿ ಬಂದಿದೆಯೇ ನೋಡಿ. ಜಿಜಿಪ್ ಮಾದರಿಯಲ್ಲವೆಂದು ದೂರು ಬಂದರೆ, ವಿಳಾಸ ತಪ್ಪಾಗಿ ಒಂದು ಎಚ್‌ಟಿಎಂಎಲ್ ದೋಷದ ಪುಟ ಟಾರ್ ಹೆಸರಿನಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಆಮೇಲೆ ಟಾರ್‌ನ ಪಟ್ಟಿ ತೋರಿಸುವ ಆಯ್ಕೆಯಿಂದ ಮೊದಲ ಹತ್ತು ಸಾಲು ನೋಡಿ. ಪಾಥ್‌ಗಳು ಡೇಟಾ, ಸ್ವಿಫ್ಟ್, ಎಕ್ಸ್‌ಆರ್‌ಟಿ ಎಂದು ಶುರುವಾಗುತ್ತವೆ. ಅಂದರೆ ಬಿಡಿಸಬೇಕಾದ ಜಾಗ ಮೂಲ ಡೈರೆಕ್ಟರಿ. ಡೇಟಾ ಡೈರೆಕ್ಟರಿಯ ಒಳಹೊಕ್ಕು ಬಿಡಿಸಿದರೆ ಡೇಟಾದೊಳಗೆ ಇನ್ನೊಂದು ಡೇಟಾ ಬೆಳೆಯುತ್ತದೆ, ಎಲ್ಲ ಫೈಲೂ ಕಣ್ಣಿಗೆ ಕಂಡರೂ ಪ್ರೋಗ್ರಾಮಿಗೆ ಒಂದೂ ಸಿಗುವುದಿಲ್ಲ.

ಸರಿಯಾಗಿ ಬಿಡಿಸಿದ ಎಕ್ಸ್‌ಆರ್‌ಟಿ ಡೈರೆಕ್ಟರಿಯಲ್ಲಿ ಬಿಸಿಎಫ್, ಸಿಪಿಎಫ್, ಇಂಡೆಕ್ಸ್ ಎಂಬ ಮೂರು ಡೈರೆಕ್ಟರಿಗಳೂ ಕ್ಯಾಲ್‌ಡಿಬಿ ಡಾಟ್ ಇಂಡೆಕ್ಸ್ ಎಂಬ ಹೆಸರೂ ಕಾಣಬೇಕು. ಗೇನ್ (ಚಾನೆಲ್ ಸಂಖ್ಯೆಯನ್ನು ಶಕ್ತಿಗೆ ಹೊಂದಿಸುವ ಅಳತೆ), ಕೆಟ್ಟ ಪಿಕ್ಸೆಲ್‌ನಂಥ ಮೂಲ ಅಳತೆಗಳು ಬಿಸಿಎಫ್‌ನಲ್ಲಿ. ಅವುಗಳಿಂದ ತಯಾರಾದ ರೆಸ್ಪಾನ್ಸ್ ಮ್ಯಾಟ್ರಿಕ್ಸಿನಂಥವು (ಯಾವ ಶಕ್ತಿಯ ಫೋಟಾನ್ ಯಾವ ಚಾನೆಲಿಗೆ ಬೀಳುತ್ತದೆ ಎಂಬ ಪಟ್ಟಿ) ಸಿಪಿಎಫ್‌ನಲ್ಲಿ. ಕ್ಯಾಲ್‌ಡಿಬಿ ಡಾಟ್ ಇಂಡೆಕ್ಸ್ ಸಾಮಾನ್ಯವಾಗಿ ಲಿಂಕ್. ದಿನಾಂಕ ಹೊತ್ತ ನಿಜವಾದ ಫೈಲ್ ಇಂಡೆಕ್ಸ್ ಡೈರೆಕ್ಟರಿಯಲ್ಲಿರುತ್ತದೆ.

ಇಂಡೆಕ್ಸೇ ಎಲ್ಲದಕ್ಕೂ ಆಧಾರ

ಪ್ರೋಗ್ರಾಮು ಡೈರೆಕ್ಟರಿಯನ್ನು ಜಾಲಾಡಿ ಫೈಲ್ ಹುಡುಕುವುದಿಲ್ಲ. ಅದು ಓದುವುದು ಇಂಡೆಕ್ಸನ್ನು ಮಾತ್ರ. ಇಂಡೆಕ್ಸಿನ ಪ್ರತಿ ಸಾಲಿನಲ್ಲಿ ಫೈಲಿನ ಹೆಸರು, ಡೈರೆಕ್ಟರಿ, ಅದು ಯಾವ ಬಗೆಯದೆಂದು ಹೇಳುವ ಕೋಡ್‌ನೇಮ್, ಮಾನ್ಯತೆ ಶುರುವಾಗುವ ದಿನ ಮತ್ತು ಹೊತ್ತು, ಡಿಟೆಕ್ಟರಿನ ಯಾವ ಮೋಡ್‌ಗೆ, ಯಾವ ಗ್ರೇಡಿಗೆ (ಫೋಟಾನಿನ ಗುರುತು ಪಿಕ್ಸೆಲ್‌ಗಳಲ್ಲಿ ಹರಡಿದ ಆಕಾರದ ವರ್ಗ) ಎಂಬ ಮಿತಿಗಳು, ಮತ್ತು ಗುಣಮಟ್ಟದ ಅಂಕಿ ಇರುತ್ತವೆ. 0 ಎಂದರೆ ಬಳಸಬಹುದು, 5 ಎಂದರೆ ಬಳಸಕೂಡದು. ಅಬ್ಸರ್ವೇಶನ್ನಿನ ದಿನಾಂಕಕ್ಕಿಂತ ಮೊದಲು ಶುರುವಾದವುಗಳಲ್ಲಿ ಅದಕ್ಕೆ ಅತಿ ಹತ್ತಿರದ, 0 ಗುಣಮಟ್ಟದ ಸಾಲು ಆಯ್ಕೆಯಾಗುತ್ತದೆ.

ಇದರಿಂದಲೇ ಎರಡು ಬಗೆಯ ತೊಂದರೆ. ಇಂಡೆಕ್ಸ್ ಹೊಸದು, ಫೈಲುಗಳು ಹಳೆಯವು ಎಂದಾದರೆ ಪ್ರೋಗ್ರಾಮು ಇಲ್ಲದ ಫೈಲನ್ನು ತೆರೆಯಲು ಹೋಗಿ ನಿಂತುಬಿಡುತ್ತದೆ. ಇದು ವಾಸಿ, ಕಣ್ಣಿಗೆ ಕಾಣುತ್ತದೆ. ಫೈಲುಗಳು ಹೊಸವು, ಇಂಡೆಕ್ಸ್ ಹಳೆಯದು ಎಂದಾದರೆ ಎಲ್ಲವೂ ಸರಾಗವಾಗಿ ಓಡಿ, ಹಳೆಯ ಗೇನಿನ ಮೇಲೆ ಕಟ್ಟಿದ ಸ್ಪೆಕ್ಟ್ರಂ ಬರುತ್ತದೆ. ದೋಷದ ಸಂದೇಶ ಒಂದೂ ಇರುವುದಿಲ್ಲ. ಬೇಕಾದ ಒಂದೇ ಫೈಲನ್ನು ಸರ್ವರಿನಿಂದ ತಂದು ಬಿಸಿಎಫ್‌ನೊಳಗೆ ಹಾಕುವ ಅಭ್ಯಾಸ ಇದೇ ಕಾರಣಕ್ಕೆ ಕೆಟ್ಟದ್ದು. ಒಂದು ಫೈಲನ್ನು ಮಾತ್ರ ಪ್ರಯೋಗಿಸಿ ನೋಡಬೇಕಿದ್ದರೆ, ಪ್ರೋಗ್ರಾಮಿನ ಆ ಪ್ಯಾರಾಮೀಟರಿಗೆ ಫೈಲಿನ ಪಾಥನ್ನು ನೇರವಾಗಿ ಕೊಡಿ, ಡೇಟಾಬೇಸನ್ನು ಮುಟ್ಟಬೇಡಿ.

ಪರೀಕ್ಷೆ

ಹೊಸ ಟರ್ಮಿನಲ್ ತೆರೆದು, ಹೀಸಾಫ್ಟ್‌ನ ಇನಿಟ್ ಮೊದಲು, ಕ್ಯಾಲ್‌ಡಿಬಿಯದು ಆಮೇಲೆ ಸೋರ್ಸ್ ಮಾಡಿ. ಕ್ಯಾಲ್‌ಡಿಬಿಇನ್‌ಫೋ ಎಂಬ ಪ್ರೋಗ್ರಾಮಿಗೆ ಇನ್‌ಸ್ಟ್ ಎಂಬ ಮೋಡ್, ಸ್ವಿಫ್ಟ್, ಎಕ್ಸ್‌ಆರ್‌ಟಿ ಎಂದು ಕೊಡಿ. ಕಾನ್ಫಿಗ್ ಸಿಕ್ಕಿತೇ, ಅಲಿಯಾಸ್ ಸಿಕ್ಕಿತೇ, ಆ ಉಪಕರಣದ ಇಂಡೆಕ್ಸ್ ಓದಲಾಯಿತೇ ಎಂದು ತಿಳಿಸುತ್ತದೆ. ಹೊಸ ಮಿಶನ್ ಸೇರಿಸಿದಾಗ ಇಲ್ಲಿ ತಕರಾರು ಬಂದರೆ ಕಾನ್ಫಿಗ್ ಫೈಲ್ ಹಳೆಯದಿರಬೇಕು, ಆ ಮಿಶನ್ನಿನ ಸಾಲೇ ಅದರಲ್ಲಿರುವುದಿಲ್ಲ. ಸೆಟಪ್ ಟಾರನ್ನು ಮತ್ತೆ ತನ್ನಿ.

ಇಷ್ಟಕ್ಕೇ ನಿಲ್ಲಿಸಬೇಡಿ. ನಿಜವಾಗಿ ಯಾವ ಫೈಲ್ ಆಯ್ಕೆಯಾಗುತ್ತದೆ ಎಂದು ಕ್ಯೂಯುಜೆಡ್‌ಸಿಐಎಫ್ ಎಂಬ ಪ್ರೋಗ್ರಾಮಿನಿಂದ ಕೇಳಿ ನೋಡಿ. ಅದು ಕೇಳುವ ಕ್ರಮ: ಮಿಶನ್, ಉಪಕರಣ, ಡಿಟೆಕ್ಟರ್, ಫಿಲ್ಟರ್, ಕೋಡ್‌ನೇಮ್, ದಿನಾಂಕ, ಹೊತ್ತು, ಷರತ್ತು. ಡಿಟೆಕ್ಟರ್ ಮತ್ತು ಫಿಲ್ಟರಿಗೆ ಅಡ್ಡಗೆರೆ ಸಾಕು, ಯಾವುದಾದರೂ ಸರಿ ಎಂದು ಅರ್ಥ. ಕೋಡ್‌ನೇಮಿಗೆ ಮ್ಯಾಟ್ರಿಕ್ಸ್ ಎಂದು ಕೊಟ್ಟು ಷರತ್ತಿಗೂ ಅಡ್ಡಗೆರೆ ಹಾಕಿದರೆ ಹಲವು ಫೈಲುಗಳ ಸಾಲು ಬರುತ್ತದೆ. ಅದು ತಪ್ಪಲ್ಲ: ಫೋಟಾನ್ ಎಣಿಕೆಯ ಮೋಡಿಗೆ ಒಂದು, ವಿಂಡೋಡ್ ಟೈಮಿಂಗಿಗೆ ಇನ್ನೊಂದು, ಗ್ರೇಡಿಗೊಂದು ಇರಲೇಬೇಕು. ಡೇಟಾಮೋಡ್ ಫೋಟಾನ್, ಗ್ರೇಡ್ 0ಯಿಂದ 12, ಸಬ್‌ಸ್ಟ್ರೇಟ್ ವೋಲ್ಟೇಜ್ 6 ಎಂದು ಷರತ್ತು ಸೇರಿಸಿದರೆ ಒಂದೇ ಉತ್ತರಕ್ಕೆ ಇಳಿಯಬೇಕು. ಈ ವೋಲ್ಟೇಜ್ ಷರತ್ತು ಏಕೆಂದರೆ, ಎಕ್ಸ್‌ಆರ್‌ಟಿಯ ಡಿಟೆಕ್ಟರ್ ಆದ ಸಿಸಿಡಿಗೆ 2007ರ ಆಗಸ್ಟ್ 30ರಿಂದ 0 ವೋಲ್ಟಿನ ಬದಲು 6 ವೋಲ್ಟ್ ಕೊಡಲಾಗುತ್ತಿದೆ. ಅದಕ್ಕೂ ಮುಂಚಿನ ಅಬ್ಸರ್ವೇಶನ್‌ಗೆ 0 ಎಂದೇ ಕೇಳಬೇಕು. ಆ ದಿನಾಂಕದ ಆಚೆ ಒಂದು, ಈಚೆ ಒಂದು ದಿನ ಕೊಟ್ಟು ಬೇರೆ ಬೇರೆ ಫೈಲ್ ಬರುತ್ತದೆಯೇ ನೋಡಿ. ಡೇಟಾಬೇಸ್ ಸರಿಯಾಗಿ ಕೂತಿದೆ ಎನ್ನಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಉತ್ತರದಲ್ಲಿ ಪಾಥ್ ಜೊತೆ ಬರುವ ಅಂಕಿ ಫಿಟ್ಸ್ ಎಕ್ಸ್‌ಟೆನ್ಶನ್ ಸಂಖ್ಯೆ. ಆ ಪಾಥ್ ನಿಜಕ್ಕೂ ಡಿಸ್ಕಿನಲ್ಲಿದೆಯೇ ಎಂದೂ ಒಮ್ಮೆ ನೋಡಿಬಿಡಿ.

ಎಲ್ಲ ಸರಿ ಇದ್ದೂ ಪೈಪ್‌ಲೈನ್ ಹಳೆಯ ಫೈಲನ್ನೇ ಹಿಡಿದುಕೊಂಡಿದ್ದರೆ ಪ್ಯಾರಾಮೀಟರ್ ಫೈಲುಗಳನ್ನು ಅನುಮಾನಿಸಿ. ಹೀಸಾಫ್ಟ್ ಹಿಂದಿನ ಬಾರಿ ಕೊಟ್ಟ ಹಲವು ಬೆಲೆಗಳನ್ನು ಮನೆ ಡೈರೆಕ್ಟರಿಯ ಪಿಫೈಲ್ಸ್‌ನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಹಿಂದೊಮ್ಮೆ ಕೈಯಾರೆ ಕೊಟ್ಟ ಪಾಥ್ ಅಲ್ಲೇ ಉಳಿದಿರಬಹುದು. ಪಿಅನ್‌ಲರ್ನ್ ಓಡಿಸಿದರೆ ಬೆಲೆಗಳು ಮೂಲಕ್ಕೆ ಮರಳುತ್ತವೆ.

ಟರ್ಮಿನಲ್ಲಿನಲ್ಲಿ ಓಡಿದ್ದು ಬ್ಯಾಚ್ ಜಾಬಿನಲ್ಲಿ ಓಡದಿದ್ದರೆ, ಆ ಶೆಲ್ ನಿಮ್ಮ ಬ್ಯಾಶ್‌ಆರ್‌ಸಿಯನ್ನು ಓದಿರುವುದಿಲ್ಲ. ಎರಡೂ ಇನಿಟ್ ಸಾಲುಗಳನ್ನು ಜಾಬ್ ಸ್ಕ್ರಿಪ್ಟಿನೊಳಗೇ ಬರೆಯಿರಿ. ಜಾಬುಗಳನ್ನು ಒಟ್ಟೊಟ್ಟಿಗೆ ಓಡಿಸುವುದಾದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಪಿಫೈಲ್ಸ್ ಡೈರೆಕ್ಟರಿ ಕೊಡಿ.

ಹೊಸದಾಗಿಸುವುದು

ಇರುವ ಡೇಟಾಬೇಸಿನ ಮೇಲೆಯೇ ಹೊಸ ಟಾರ್ ಬಿಡಿಸಬಹುದು, ಆದರೆ ಆಗ ಓಡುತ್ತಿರುವ ಜಾಬಿಗೆ ಅರ್ಧ ಹಳೆಯದು ಅರ್ಧ ಹೊಸದು ಸಿಗುತ್ತದೆ. ಜಾಗವಿದ್ದರೆ ದಿನಾಂಕದ ಹೆಸರಿನ ಹೊಸ ಮೂಲ ಡೈರೆಕ್ಟರಿ ಮಾಡಿ, ಅಲ್ಲೇ ಎಲ್ಲ ಬಿಡಿಸಿ, ಮೇಲಿನ ಪರೀಕ್ಷೆ ಮುಗಿಸಿ, ಕೊನೆಗೆ ಕರೆಂಟ್ ಎಂಬ ಲಿಂಕನ್ನು ಅದಕ್ಕೆ ತಿರುಗಿಸಿ. ಜಾಬ್ ಸ್ಕ್ರಿಪ್ಟುಗಳಲ್ಲಿ ಮಾತ್ರ ಲಿಂಕಿನ ಬದಲು ದಿನಾಂಕದ ಹೆಸರನ್ನೇ ಬರೆಯಿರಿ. ನಡುವೆ ಲಿಂಕ್ ತಿರುಗಿದರೂ ಓಡುತ್ತಿರುವ ಕೆಲಸ ಕದಲುವುದಿಲ್ಲ. ಗುಂಪಿನಲ್ಲಿ ಬಳಸುವುದಾದರೆ ಬರೆಯುವ ಅನುಮತಿ ಒಬ್ಬರಿಗೆ ಮಾತ್ರ, ಉಳಿದವರಿಗೆ ಓದುವುದಷ್ಟೇ.

ಗಡಿಯಾರದ ಫೈಲುಗಳು ಮಾತ್ರ ಕಾಯುವುದಿಲ್ಲ. ಸ್ವಿಫ್ಟ್, ನುಸ್ಟಾರ್ ಉಪಗ್ರಹಗಳೆರಡಕ್ಕೂ ಅವು ಆಗಾಗ ಹೊಸದಾಗುತ್ತವೆ. ಪಲ್ಸಾರ್‌ನಂಥ ಕಾಲಮಾಪನದ ಕೆಲಸಕ್ಕೆ, ಫೋಟಾನ್ ಬಂದ ಹೊತ್ತನ್ನು ಸೌರಮಂಡಲದ ಕೇಂದ್ರಕ್ಕೆ ತಿದ್ದುವ ಬ್ಯಾರಿಕಾರ್ ಓಡಿಸುವ ಮುನ್ನ, ಫೈಲು ನಿಮ್ಮ ಅಬ್ಸರ್ವೇಶನ್ನಿನ ದಿನದವರೆಗೂ ತಲುಪುತ್ತದೆಯೇ ಎಂದು ನೋಡಲೇಬೇಕು. ನೈಸರ್ ಎಂಬ ಎಕ್ಸ್‌ರೇ ದೂರದರ್ಶಕದ ದತ್ತಾಂಶ ಬಳಸುವವರಿಗೆ ಇನ್ನೊಂದು ಕೆಲಸವಿದೆ: ಭೂಕಾಂತೀಯ ದತ್ತಾಂಶ ಕ್ಯಾಲ್‌ಡಿಬಿಯ ಭಾಗವಲ್ಲ. ಅದಕ್ಕೆ ಜಿಯೋಮ್ಯಾಗ್ ಪಾಥ್ ಎಂಬ ಬೇರೆ ವೇರಿಯೇಬಲ್ ಇದೆ, ನೈಜಿಯೋಡೌನ್ ಎಂಬ ಪ್ರೋಗ್ರಾಮು ಅದನ್ನು ಇಳಿಸುತ್ತದೆ. ಎಕ್ಸ್‌ಎಂಎಂ-ನ್ಯೂಟನ್ ಮತ್ತು ಚಂದ್ರ ದೂರದರ್ಶಕಗಳ ತಂತ್ರಾಂಶಗಳಿಗೆ ಅವುಗಳದೇ ವ್ಯವಸ್ಥೆಗಳಿವೆ. ಅವನ್ನು ಈ ಡೈರೆಕ್ಟರಿಯೊಳಗೆ ಬೆರೆಸಬೇಡಿ.

ಪ್ರತಿ ವಿಶ್ಲೇಷಣೆಯ ಜೊತೆ ಮೂರು ಸಂಗತಿ ಬರೆದಿಡಿ: ಹೀಸಾಫ್ಟ್ ಆವೃತ್ತಿ, ಬಳಸಿದ ಪ್ರತಿ ಉಪಕರಣದ ಇಂಡೆಕ್ಸಿನ ದಿನಾಂಕ, ಪೈಪ್‌ಲೈನಿನ ಪೂರ್ತಿ ಲಾಗ್. ಇಂಡೆಕ್ಸ್ ಲಿಂಕ್ ಎತ್ತ ತೋರುತ್ತಿದೆ ಎಂದು ರೀಡ್‌ಲಿಂಕ್ ಹೇಳುತ್ತದೆ. ಆ ಸಾಲನ್ನು ಜಾಬ್ ಸ್ಕ್ರಿಪ್ಟಿನ ಮೊದಲಲ್ಲೇ ಹಾಕಿದರೆ ದಿನಾಂಕ ತಾನಾಗಿಯೇ ಲಾಗಿಗೆ ಸೇರುತ್ತದೆ. ಪ್ರಬಂಧ ಪ್ರಕಟವಾಗುವವರೆಗೆ ಆ ದಿನಾಂಕದ ಡೈರೆಕ್ಟರಿಯನ್ನು ಅಳಿಸಬೇಡಿ.