ಹಂದಿ ಯಾವಾಗ ನೂರು ಕೆಜಿ ಮುಟ್ಟುತ್ತೆ: ಗಾಂಪರ್ಟ್ಜ್ ಲೆಕ್ಕ, ನನ್ನ ಅನುಭವ

ಗೋಣಿಕೊಪ್ಪಲಿನ ಹತ್ತಿರ ನಮ್ಮ ಕಾಫಿ ತೋಟದಲ್ಲೇ ಹಂದಿ ಸಾಕುತ್ತಿದ್ದೇನೆ. ತಳಿ ಲಾರ್ಜ್ ವೈಟ್ ಯಾರ್ಕ್‌ಷೈರ್. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧದ ಹಬ್ಬದ ಹೊತ್ತಿಗೆ ಇಲ್ಲಿ ಹಂದಿಗೆ ಬೇಡಿಕೆ ಜಾಸ್ತಿ. ಹಾಗಾಗಿ ಈಗ 20 ಕೆಜಿ ಇರುವ ಮರಿ 100 ಕೆಜಿ ಯಾವಾಗ ಮುಟ್ಟುತ್ತೆ ಅಂತ ಮೊದಲೇ ಗೊತ್ತಾಗಬೇಕಿತ್ತು.

ಎಲ್ಲರೂ ಹಾಕುವುದು ಸರಾಸರಿ ಲೆಕ್ಕ. ಈಗ ದಿನಕ್ಕೆ 550 ಗ್ರಾಂ ಏರುತ್ತಿದ್ದರೆ 80 ಕೆಜಿಗೆ 145 ದಿನ ಬೇಕು. ಆದರೆ ಹಂದಿ ಒಂದೇ ವೇಗದಲ್ಲಿ ಬೆಳೆಯಲ್ಲ ಅಲ್ವಾ? ಮೊದಲು ನಿಧಾನ, ನಡುವೆ ಜೋರು, ಆಮೇಲೆ ಮತ್ತೆ ನಿಧಾನ. ಈ ಏರಿಳಿತಕ್ಕೆ ನಾನು ಆರಿಸಿಕೊಂಡದ್ದು ಗಾಂಪರ್ಟ್ಜ್ ಸಮೀಕರಣ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ಗಾಂಪರ್ಟ್ಜ್ 1825ರಲ್ಲಿ ಇದನ್ನು ಬರೆದದ್ದು ಮನುಷ್ಯರ ಸಾವಿನ ಲೆಕ್ಕಕ್ಕೆ, ಪ್ರಾಣಿಗಳ ಬೆಳವಣಿಗೆಗೆ ಜನ ಬಳಸಿದ್ದು ಎಷ್ಟೋ ಕಾಲದ ಮೇಲೆ. ಲಾಜಿಸ್ಟಿಕ್ ಅನ್ನುವ ಇನ್ನೊಂದು ಬೆಳವಣಿಗೆಯ ಗೆರೆಯೂ ಇದೆ, ಆದರೆ ಅದರಲ್ಲಿ ಬೆಳವಣಿಗೆಯ ವೇಗ ತುದಿ ಮುಟ್ಟುವುದು ಪೂರ್ಣ ತೂಕದ (ಬೆಳವಣಿಗೆ ನಿಂತಾಗಿನ ತೂಕ) ಸರಿಯಾಗಿ ಅರ್ಧಕ್ಕೆ. ಗಾಂಪರ್ಟ್ಜ್‌ನಲ್ಲಿ ಸುಮಾರು 37 ಶೇಕಡಕ್ಕೇ ಮುಟ್ಟುತ್ತದೆ. ನನ್ನ ಹಂದಿಗಳಿಗೆ ಗಾಂಪರ್ಟ್ಜೇ ಸರಿ ಕೂತಿತು.

ನಿಜವಾದ ತೊಡಕು ಪೂರ್ಣ ತೂಕದ್ದು. ನಾವು ಹಂದಿಯನ್ನು 100 ಕೆಜಿ ಆಸುಪಾಸಿಗೇ ಮಾರಿಬಿಡುತ್ತೇವೆ, ಗೆರೆಯ ಮೇಲಿನ ಅರ್ಧ ನಮಗೆ ಕಾಣುವುದೇ ಇಲ್ಲ. ಆ ತೂಕವನ್ನೂ ಕಂಪ್ಯೂಟರೇ ಹುಡುಕಲಿ ಅಂತ ಬಿಟ್ಟರೆ ಒಂದು ಹಂದಿಗೆ 150, ಪಕ್ಕದ ಹಂದಿಗೆ 400 ಅಂತ ಹೇಳಿದರೂ ಆಶ್ಚರ್ಯವಿಲ್ಲ, ಎರಡೂ ಗೆರೆಗಳು ಕೈಯಲ್ಲಿರುವ ತೂಕದ ಬಿಂದುಗಳಿಗೆ ಚೆನ್ನಾಗಿಯೇ ಹೊಂದುತ್ತವೆ. ಅದಕ್ಕೇ ದೊಡ್ಡಿಯಲ್ಲಿರುವ ದೊಡ್ಡ ತಾಯಿ ಹಂದಿಗಳನ್ನು ತೂಗಿ, 200 ಕೆಜಿ ಅಂತ ನಾನೇ ಗೊತ್ತು ಮಾಡಿಕೊಂಡೆ.

ಆಮೇಲೆ ಕೆಲಸ ಸುಲಭ. ಕಾಫಿ ಮೂಟೆ ತೂಗುವ ಸ್ಕೇಲ್ ಮೇಲೆ ಬೋನಿಟ್ಟು, ಬೆಳಿಗ್ಗೆ ತೌಡು ಗಂಜಿ ಹಾಕುವ ಮೊದಲೇ ತೂಗುವುದು. ಹೊಟ್ಟೆ ತುಂಬಿದ್ದರೆ ತೂಕ ಸುಮ್ನೆ ಏರಿ ತೋರಿಸುತ್ತದೆ. 200ನ್ನು ಆ ತೂಕದಿಂದ ಭಾಗಿಸಿ, ಎಕ್ಸೆಲ್‌ನಲ್ಲಿ ನ್ಯಾಚುರಲ್ ಲಾಗ್ ತೆಗೆದು, ಬಂದದ್ದಕ್ಕೆ ಮತ್ತೊಮ್ಮೆ ಲಾಗ್ ತೆಗೆದರೆ, ವಯಸ್ಸಿನ ಎದುರು ಬಿಂದುಗಳು ಬಹುಮಟ್ಟಿಗೆ ನೇರ ಗೆರೆಯಲ್ಲಿ ಇಳಿಯುತ್ತವೆ. ಆ ಇಳಿಜಾರೇ ಬೆಳವಣಿಗೆಯ ದರ. ಹುಟ್ಟಿದಾಗ 1.3 ಕೆಜಿ, ದರ ದಿನಕ್ಕೆ 0.012 ಅಂತಿಟ್ಟುಕೊಂಡರೆ 65ನೇ ದಿನಕ್ಕೆ 20 ಕೆಜಿ, 135ನೇ ದಿನಕ್ಕೆ 74 ಕೆಜಿ. ವೇಗ ಅತಿ ಹೆಚ್ಚಿರುವುದು ಆಗಲೇ, ದಿನಕ್ಕೆ ಸುಮಾರು 880 ಗ್ರಾಂ. 100 ಕೆಜಿ ಮುಟ್ಟುವುದು 165ನೇ ದಿನಕ್ಕೆ, ಅಂದರೆ 20 ಕೆಜಿಯಿಂದ ಬರೀ 100 ದಿನ. ಸರಾಸರಿ ಲೆಕ್ಕ ನಂಬಿದ್ದರೆ ಒಂದೂವರೆ ತಿಂಗಳು ಜಾಸ್ತಿ ಹೇಳುತ್ತಿತ್ತು! 130 ಕೆಜಿವರೆಗೆ ಇಟ್ಟುಕೊಂಡರೆ ದಿನದ ಏರಿಕೆ 670 ಗ್ರಾಂಗೆ ಇಳಿಯುತ್ತದೆ, ತಿನ್ನುವುದು ಮಾತ್ರ ಕಡಿಮೆಯಾಗಲ್ಲ.

ಒಂದೊಂದು ಹಂದಿಗೂ ಬೇರೆ ಗೆರೆ ಎಳೆಯಿರಿ. ಎಲ್ಲವನ್ನೂ ಸೇರಿಸಿ ಸರಾಸರಿ ಮಾಡಿದರೆ ಹಿಂದೆ ಬಿದ್ದ ಮರಿ ಅದರಲ್ಲಿ ಮುಚ್ಚಿಹೋಗುತ್ತದೆ. ಜುಲೈ ಮಳೆಯಲ್ಲಿ, ನೆಲ ಒದ್ದೆ, ಚಳಿ ಬೇರೆ, ಆಗ ಕೆಲವು ಬಿಂದುಗಳು ಗೆರೆಗಿಂತ ಮೇಲೆ ನಿಲ್ಲುತ್ತವೆ. ಈ ನಕ್ಷೆಯಲ್ಲಿ ಮೇಲೆ ನಿಂತದ್ದು ಅಂದರೆ ತೂಕ ಏರಿಲ್ಲ ಅಂತ. ಅಂಥ ಮರಿಯನ್ನು ಬೇರೆ ಮಾಡಿ ಒಣ ಹುಲ್ಲು ಹಾಸಿ, ಜಂತುಹುಳದ ಔಷಧಿ ಕೊಟ್ಟು ಎಷ್ಟು ದಿನವಾಯಿತು ಅಂತ ಮೊದಲು ನೋಡುತ್ತೇನೆ.